ಅರವತ್ತಕ್ಕೆ ಬರುವ ನಡುಕ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಮನುಷ್ಯರನ್ನು ಕುರಿತದ್ದು. ತುರುವೇಕೆರೆಯ ಕಡೆಯ ಒಂದು ಮನೆಯಲ್ಲಿ ಅದನ್ನು ಜೀಪಿಗೆ ಅನ್ವಯಿಸಿ ಹೇಳುತ್ತಿದ್ದರು. ಐವತ್ತು ಕಿಲೋಮೀಟರ್ ವೇಗದವರೆಗೆ ಆ ವಾಹನ ಸಾಧುವಾದ ಹಸುವಿನಂತೆ ನಡೆಯುವುದು. ಐವತ್ತೈದನ್ನು ದಾಟಿದೊಡನೆ ಎಲ್ಲಿಂದಲೋ ಒಂದು ಗುಂಯ್‌ಗುಡುವಿಕೆ ಮೊದಲಾಗುವುದು. ಅರವತ್ತನ್ನು ಮುಟ್ಟುವಷ್ಟರಲ್ಲಿ ಕಾಲ ಕೆಳಗಿನ ತಗಡು ಝೇಂಕರಿಸಿ, ಪಕ್ಕದ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಕಿದ ನೀರಿನ ಬಿಂಬದಂತಾಗಿ, ಒಳಗೆ ಕುಳಿತವರ ಹಲ್ಲುಗಳು ತಮ್ಮಷ್ಟಕ್ಕೆ ತಾವೇ ತಾಳ ಹಾಕತೊಡಗುವುವು. ಎಪ್ಪತ್ತನ್ನು ಮುಟ್ಟಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಮನೆಯ ಹೆಸರು ಬೇಡ. ಇದು ಒಂದೇ ಮನೆಯ ಕಥೆಯೂ ಅಲ್ಲ. ತೆಂಗಿನ ಸೀಮೆಯ ಯಾವ ಮೋಟಾರು ಷೆಡ್ಡಿನಲ್ಲಾದರೂ ಕೇಳಿಬರಬಹುದಾದ ಸಂಗತಿಗಳನ್ನೆಲ್ಲ ಒಂದೇ ಜೀಪಿನ ಮೇಲೆ ಹೇರಿ ಹೇಳಿದ್ದೆಂದು ವಾಚಕರು ತಿಳಿಯಬಹುದು.

ಜೀಪು ಈ ಸೀಮೆಗೆ ಹಳೆಯ ನೆಂಟ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಆ ವಾಹನವನ್ನು 1940ರ ದಶಕದ ಕೊನೆಯ ವೇಳೆಗೆ ಮಹೀಂದ್ರ ಸಂಸ್ಥೆಯವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ, ಮೂತಿ ಎತ್ತರವಾದ ಸಿ.ಜೆ. 3ಬಿ ಮಾದರಿ ಅದರ ತವರಿನಲ್ಲಿ 1968ಕ್ಕೆ ನಿಂತುಹೋಯಿತು. ಭಾರತದಲ್ಲಿ ಅದರ ವಂಶ ಮುಂದೆಯೂ ದಶಕಗಳ ಕಾಲ ಬೆಳೆಯಿತು. ಪೆಟ್ರೋಲಿನ ಬೆಲೆ ಏರಿದಾಗ ಹಳೆಯ ಜೀಪುಗಳ ಎದೆಯನ್ನು ಬಗೆದು ಡೀಸೆಲ್ ಎಂಜಿನ್ ಕೂರಿಸುವುದು ನಾಡಿನ ಷೆಡ್ಡುಗಳಲ್ಲಿ ಒಂದು ಕಸುಬೇ ಆಯಿತು. ಬದಲಾವಣೆ ಹೊಂದದ ಹಳೆಯ ಜೀಪನ್ನು ಹುಡುಕುವುದು ಇಂದು ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿದಂತೆಯೇ ಸರಿ.

ಈ ಮನೆಯ ಯಜಮಾನರು ತಮ್ಮ ಜೀಪನ್ನು 1985ರಲ್ಲಿ ಎರಡನೆಯ ಕೈಯಿಂದ ಕೊಂಡಿದ್ದರು. ಡೀಸೆಲ್ ಎಂಜಿನ್ ಆಗಲೇ ಸೇರಿಕೊಂಡಿತ್ತು. ತೋಟದಿಂದ ಕಾಯಿ ಬಂದದ್ದು ಅದರಲ್ಲಿ, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿಯ ಚೀಲ ಹೋದದ್ದು ಅದರಲ್ಲಿ, ಮಗ ಹುಟ್ಟಿದ ರಾತ್ರಿ ತಾಯಿಯನ್ನು ಆಸ್ಪತ್ರೆಗೆ ಒಯ್ದದ್ದೂ ಅದರಲ್ಲಿಯೇ. ಆ ಮಗ ದೊಡ್ಡವನಾಗಿ, ಬೆಂಗಳೂರಿನಲ್ಲಿ ಕೆಲವು ವರ್ಷ ಉದ್ಯೋಗ ಮಾಡಿ ತೋಟಕ್ಕೆ ಹಿಂದಿರುಗಿದ ಮೇಲೆ, ತಂದೆಯ ಜೀಪಿಗೆ ಹೊಸ ಜನ್ಮ ಕೊಡಿಸಲು ಹೊರಟ. ಬಣ್ಣವಾಯಿತು, ಸೀಟುಗಳಾದುವು, ದಪ್ಪನೆಯ ಟೈರುಗಳು ಬಂದುವು. ಅದೇ ದಿನ ವಾಹನವನ್ನು ಎತ್ತರವೂ ಮಾಡಿಸಿದ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ತುದಿಯನ್ನು ಚಾಸಿಗೆ ತೂಗುಹಾಕಿರುವ ಜೋಡಿ ಪಟ್ಟಿಗಳಿಗೆ ಶ್ಯಾಕಲ್ ಎಂದು ಹೆಸರು. ಅವನ್ನು ತೆಗೆದು, ಅವಕ್ಕಿಂತ ಐದು ಅಂಗುಲ ಉದ್ದವಾದ ಪಟ್ಟಿಗಳನ್ನು ಹಾಕಿಸಿದ. ಜೀಪಿನ ಹಿಂಭಾಗ ಎರಡೂವರೆ ಅಂಗುಲ ಮೇಲೆದ್ದಿತು. ನೋಡಲು ಹುಂಜದ ಠೀವಿಯೇನೋ ಬಂತು.

ನಡುಕವೂ ಬಂತು. ಮೊದಲು ಟೈರುಗಳ ಮೇಲೆ ಗುಮಾನಿ ಹೋಗಿ ನಾಲ್ಕಕ್ಕೂ ವೀಲ್ ಬ್ಯಾಲೆನ್ಸಿಂಗ್ ಆಯಿತು. ಆಮೇಲೆ ಎಂಜಿನ್ನಿನ ಕೆಳಗಿನ ರಬ್ಬರು ಮೌಂಟಿಂಗ್‌ಗಳನ್ನು ಬದಲಾಯಿಸಿದರು. ಕ್ಲಚ್ ಬಿಚ್ಚಿದರು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನು ಒಂದಲ್ಲ, ಮೂರು ಸಲ ಬದಲಾಯಿಸಿದರು. ಹೊಸದನ್ನು ಹಾಕಿದ ಹದಿನೈದು ದಿನ ನಡುಕ ಕೊಂಚ ತಗ್ಗಿದಂತೆ ತೋರಿ, ಮತ್ತೆ ಮೊದಲಿನ ಸ್ಥಿತಿಗೇ ಬರುತ್ತಿತ್ತು. ಹಣ ಹೋದದ್ದಕ್ಕಿಂತ ಮಗನಿಗೆ ನೋವಾದದ್ದು ಬೇರೊಂದು ಸಂಗತಿಯಿಂದ. ಯಜಮಾನರು ಏನನ್ನೂ ಆಡದೆ ತಮ್ಮ ಕೈಚೀಲ ಹಿಡಿದು ಬಸ್ಸಿಗೆ ನಿಲ್ಲತೊಡಗಿದ್ದರು. ಕೇಳಿದರೆ, "ನಿನಗೆ ಯಾಕಪ್ಪ ತೊಂದರೆ, ಬಸ್ಸು ಹೇಗೂ ಬರುತ್ತೆ" ಎನ್ನುವರು. ನಲವತ್ತು ವರ್ಷ ತಾವೇ ಓಡಿಸಿದ ಜೀಪಿನ ಮಗ್ಗುಲಲ್ಲಿಯೇ ನಡೆದು ಹೋಗಿ ಅವರು ಬಸ್ಸು ಹತ್ತುವುದನ್ನು ಊರು ನೋಡುತ್ತಿತ್ತು.

ಕೊನೆಗೆ ಜೀಪು ತಿಪಟೂರಿನಲ್ಲಿ ಬಿ.ಎಚ್. ರಸ್ತೆಯ ಒಂದು ಹಳೆಯ ಷೆಡ್ಡಿಗೆ ಬಂತು. ಅಲ್ಲಿಯ ಮೇಸ್ತ್ರಿಗೆ ವಯಸ್ಸಾಗಿತ್ತು. ಜೀಪು ಬಂದು ಅರ್ಧ ಗಂಟೆಯಾದರೂ ಅವರು ಸ್ಪ್ಯಾನರನ್ನು ಮುಟ್ಟಲಿಲ್ಲ. ಮಾರುಕಟ್ಟೆಯ ಕೆಲಸ ಮುಗಿಸಿ ಅಷ್ಟು ಹೊತ್ತಿಗೆ ನಡೆದು ಬಂದ ಯಜಮಾನರನ್ನು ಬೆಂಚಿನ ಮೇಲೆ ಕೂರಿಸಿ, ಮಗನನ್ನು ಬಿಟ್ಟು ಅವರನ್ನೇ ಕೇಳಿದರು:

"ಯಜಮಾನ್ರೇ, ಅಟ್ಟದ ಮೇಲಿನ ಕಾಯಿ ಗಿಟುಕಾಗಿದೆ ಅಂತ ಒಡೆಯದೆ ಹೇಗೆ ಹೇಳ್ತೀರಿ?"

"ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತಲ್ಲ ಮೇಸ್ತ್ರಿ. ನೀರಿದ್ದರೆ ಕುಲುಕುತ್ತೆ. ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಅನ್ನುತ್ತೆ."

"ಇದನ್ನೂ ಹಾಗೇ ನೋಡೋಣ. ಇದುವರೆಗೆ ಎಲ್ಲರೂ ಒಡೆದೇ ನೋಡಿದ್ದಾರೆ."

ಉಂಡೆ ಕೊಬ್ಬರಿಯ ಸೀಮೆಯಲ್ಲಿ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಬಲಿತ ಕಾಯಿ ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಕುಳಿತು ಒಳಗೊಳಗೇ ಒಣಗುತ್ತದೆ. ಅವಸರಪಟ್ಟು ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಯಂತ್ರದ ರೋಗವನ್ನು ಬಿಡಿಭಾಗ ಬದಲಾಯಿಸಿ ಕಂಡುಹಿಡಿಯುವ ಪದ್ಧತಿಯೂ ಅಂಥದೇ. ಅದು ಇಂದು ಬಲವಾಗಿ ಬೆಳೆದಿದೆ ಎಂದು ವ್ಯಸನದಿಂದಲೇ ಹೇಳಬೇಕು.

ಮೇಸ್ತ್ರಿ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿಬ್ಬನಹಳ್ಳಿ ಕ್ರಾಸಿನ ಕಡೆಗೆ ಜೀಪನ್ನು ಓಡಿಸಿದರು. ಅರವತ್ತಕ್ಕೆ ಬಂದೊಡನೆ ನಡುಕ ಹಾಜರಾಯಿತು. ರಸ್ತೆ ಖಾಲಿಯಿದ್ದ ಕಡೆ ಅವರು ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ನನ್ನು ತಣ್ಣಗೆ ಇರಗೊಟ್ಟರು. ಎಂಜಿನ್ ಸದ್ದು ಇಳಿಯಿತು. ನಡುಕ ಇಳಿಯಲಿಲ್ಲ, ಬಂಡಿಯ ವೇಗ ತಗ್ಗಿದ ಹಾಗೆ ಅದರೊಡನೆ ಮೆಲ್ಲಗೆ ತಗ್ಗಿತು. ಅಲ್ಲಿಗೆ ಎಂಜಿನ್, ಅದರ ರಬ್ಬರು, ಕ್ಲಚ್ ಮೂರೂ ನಿರಪರಾಧಿಗಳೆಂದಾಯಿತು. ಆ ಮೂರಕ್ಕೂ ಖರ್ಚು ಮಾಡಿದ್ದ ಮಗ ಕಿಟಕಿಯ ಹೊರಗೆ ನೋಡತೊಡಗಿದ.

ಈ ಪರೀಕ್ಷೆ ಏಕೆ ಅವಶ್ಯ ಎಂಬುದಕ್ಕೆ ಒಂದು ಸ್ವಾರಸ್ಯವಾದ ಲೆಕ್ಕವಿದೆ. ಗಂಟೆಗೆ ಅರವತ್ತು ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹದಿನಾರೂ ಮುಕ್ಕಾಲು ಮೀಟರ್ ಸುಮಾರು. ಆ ದಪ್ಪ ಟೈರು ಒಂದು ಸುತ್ತಿಗೆ ಸುಮಾರು 2.4 ಮೀಟರ್ ಉರುಳುತ್ತದೆ. ಆದ್ದರಿಂದ ಚಕ್ರ ಸೆಕೆಂಡಿಗೆ ಏಳು ಸಲ ಸುತ್ತುತ್ತದೆ. ಹಳೆಯ ವಿಲ್ಲೀಸ್ ಜೀಪುಗಳ ಹಿಂದಿನ ಅಚ್ಚಿನಲ್ಲಿ ಚಕ್ರ ಒಂದು ಸುತ್ತು ಸುತ್ತಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ಸುತ್ತಬೇಕು. ಎಂದರೆ ಶಾಫ್ಟಿಗೆ ಸೆಕೆಂಡಿಗೆ ಮೂವತ್ತೇಳು ಸುತ್ತು. ಟಾಪ್ ಗೇರಿನಲ್ಲಿ ಎಂಜಿನ್ನಿಗೂ ಅಷ್ಟೇ ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಬಾಗಿದ ಕ್ರಾಸ್ ಕೂಡ, ಮುಂದೆ ತಿಳಿಯುವಂತೆ, ಒಂದು ಸುತ್ತಿಗೆ ಎರಡು ಸಲ ಕುಲುಕುತ್ತದೆ. ಎರಡರ ಲೆಕ್ಕವೂ ಸೆಕೆಂಡಿಗೆ ಸುಮಾರು ಎಪ್ಪತ್ತೈದು! ಒಂದೇ ಶ್ರುತಿಯಲ್ಲಿ ಹಾಡುವ ಇಬ್ಬರಲ್ಲಿ ಅಪಸ್ವರ ಯಾರದೆಂದು ತಿಳಿಯಬೇಕಾದರೆ ಒಬ್ಬನ ಬಾಯಿ ಮುಚ್ಚಿಸುವುದೊಂದೇ ದಾರಿ. ನ್ಯೂಟ್ರಲ್ ಮಾಡಿದ್ದು ಅದನ್ನೇ.

ಇನ್ನು ಚಕ್ರಗಳು. ತೂಕ ತಪ್ಪಿದ ಚಕ್ರ ಸುತ್ತಿಗೊಂದು ಪೆಟ್ಟು ಕೊಡುತ್ತದೆ, ಎಂದರೆ ಸೆಕೆಂಡಿಗೆ ಏಳು. ಅದನ್ನು ಸೊಂಟವೂ ಸ್ಟೀರಿಂಗ್ ಹಿಡಿದ ಕೈಯೂ ಒಂದೊಂದಾಗಿ ಎಣಿಸಬಲ್ಲವು. ಅದು ಕುದುರೆಯ ಓಟದ ಹಾಗೆ. ಈ ನಡುಕವೋ ಎಣಿಕೆಗೆ ಸಿಕ್ಕದ ಸಣ್ಣ ಕಂಪನ, ತಂಬೂರಿಯ ತಂತಿಯ ಜಾತಿಯದು. ಅನುಮಾನವೆಲ್ಲ ಈಗ ವಾಹನದ ಹೊಟ್ಟೆಯ ಕೆಳಗೆ ಬಂದು ನಿಂತಿತು.

ಷೆಡ್ಡಿಗೆ ಹಿಂದಿರುಗಿ ಮೇಸ್ತ್ರಿ ಒಂದೇ ಒಂದು ಭಾಗವನ್ನು ಬಿಚ್ಚಿದರು: ಹಿಂದಿನ ಪ್ರೊಪೆಲ್ಲರ್ ಶಾಫ್ಟು. ಜೀಪಿಗೆ ನಾಲ್ಕು ಚಕ್ರದ ಎಳೆತವಿರುವ ಕಾರಣ ಹಿಂದಿನ ಶಾಫ್ಟನ್ನು ತೆಗೆದರೂ ಮುಂದಿನ ಚಕ್ರಗಳ ಬಲದಿಂದ ಅದು ನಡೆಯುತ್ತದೆ. ಕಾರಿನವರಿಗೆ ಈ ಭಾಗ್ಯವಿಲ್ಲ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರಕ್ಕಲ್ಲ, ಇದೇ ಶಾಫ್ಟಿನ ಮೂಲದಲ್ಲಿ ಹಿಡಿಯುವುದರಿಂದ, ಶಾಫ್ಟು ಹೋದರೆ ಹಿಂದಿನ ಚಕ್ರಗಳಿಗೆ ಅದರ ಹಿಡಿತವೂ ಹೋಯಿತು. ಆದ್ದರಿಂದ ಬಿಚ್ಚುವ ಮೊದಲೇ ಹುಡುಗನೊಬ್ಬ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಮತ್ತೆ ರಸ್ತೆಗೆ ಹೋದರು. ಐವತ್ತೈದು, ಅರವತ್ತು, ಅರವತ್ತೈದು. ಜೀಪು ಸದ್ದು ಮಾಡಿತು, ಕುಣಿಯಿತು, ಹಳೆಯ ಜೀಪು ಮಾಡಬೇಕಾದ್ದನ್ನೆಲ್ಲ ಮಾಡಿತು. ಆ ನಡುಕ ಮಾತ್ರ ಇರಲಿಲ್ಲ.

"ಹಾಗಾದರೆ ಶಾಫ್ಟೇ ಕೆಟ್ಟಿದೆ ಮೇಸ್ತ್ರಿಗಳೇ, ಹೊಸದು ತರಿಸಿಬಿಡಿ" ಎಂದ ಮಗ.

"ಅವಸರ ಬೇಡಪ್ಪ. ಶಾಫ್ಟು ಇರೋ ಕಡೆ ನಡುಕ ಇದೆ ಅಂತ ಗೊತ್ತಾಯಿತು. ಶಾಫ್ಟಿನದೇ ತಪ್ಪು ಅಂತ ಇನ್ನೂ ಗೊತ್ತಾಗಿಲ್ಲ."

ಶಾಫ್ಟು ಸೊಟ್ಟಗಿರಲಿಲ್ಲ. ಅದರ ನಡುವೆ ಉದ್ದ ಹೆಚ್ಚುಕಡಿಮೆಯಾಗಲು ಇರುವ ಜಾರುವ ಕೂಡಿಕೆಯನ್ನು ಬಿಚ್ಚಿ ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ತಪ್ಪಿದರೆ ಎರಡು ತುದಿಗಳ ಕವಲುಗಳು ಒಂದರ ನೇರಕ್ಕೆ ಒಂದಿರದೆ ತಿರುಚಿಕೊಳ್ಳುತ್ತವೆ. ಮೂರು ಸಲ ಕ್ರಾಸ್ ಬದಲಾಯಿಸಿದ ಶಾಫ್ಟಿನಲ್ಲಿ ಅದೂ ಸಂಭವವೇ. ಮೇಸ್ತ್ರಿ ನೋಡಿದರು, ಬಾಣದ ಗುರುತುಗಳು ಸರಿಯಾಗಿದ್ದುವು. ಆಗ ಅವರಿಗೆ ಬೇಕಾದದ್ದು ಷೆಡ್ಡಿನಲ್ಲಿ ಇರಲಿಲ್ಲ. ಪಕ್ಕದ ಅಂಗಡಿಯವನ ಮಗಳು ಶಾಲೆಯಿಂದ ಬರುತ್ತಿದ್ದಳು. ಅವಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕವನ್ನು ಕೇಳಿ ತೆಗೆದುಕೊಂಡು, ಅದರ ನಡುಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ಇಳಿಬಿಟ್ಟರು. ಅದೇ ಅವರ ಉಪಕರಣ. ಈಗಿನ ಮೊಬೈಲ್ ಫೋನುಗಳೂ ಇಳಿಜಾರನ್ನು ಅಳೆಯಬಲ್ಲವು. ದಾರವೂ ನಟ್ಟೂ ಅವಕ್ಕಿಂತ ಕಡಮೆ ಸತ್ಯವನ್ನೇನೂ ಹೇಳುವುದಿಲ್ಲ.

ಇಲ್ಲಿ ಕ್ರಾಸಿನ ಗುಣವನ್ನು ಕೊಂಚ ತಿಳಿಯಬೇಕು. ಎರಡು ಕವಲುಗಳು ಒಂದು ಕೂಡುಚಿಹ್ನೆಯಂಥ ತುಂಡನ್ನು ಅಡ್ಡಡ್ಡವಾಗಿ ಹಿಡಿದುಕೊಂಡಿರುವ ಈ ಕೀಲಿಗೆ ಇಟಲಿಯ ಕಾರ್ಡಾನೋನ ಹೆಸರೂ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಅಂಟಿಕೊಂಡಿವೆ. ಹುಕ್ 1676ರಲ್ಲಿ ಇದನ್ನು ಕುರಿತು ಬರೆದಾಗ ಅವನ ಗಮನ ಸೂರ್ಯವೀಕ್ಷಣೆಯ ಸಾಧನಗಳ ಮೇಲಿತ್ತು. ಮೋಟಾರು ವಾಹನಕ್ಕೆ ತಕ್ಕಂತೆ ಇದನ್ನು ಬೆಳೆಸಿ 1904ರಲ್ಲಿ ತಯಾರಿಕೆಗೆ ಇಳಿದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಜೀಪಿನ ಹೊಟ್ಟೆಯಲ್ಲಿ ಅವನ ಹೆಸರಿನ ಭಾಗಗಳೇ ಇದ್ದುವು. ಬಾಗಿದ ದಾರಿಯಲ್ಲಿಯೂ ತಿರುಗಾಟವನ್ನು ದಾಟಿಸುವುದು ಈ ಕೀಲಿನ ಗುಣ. ದಾಟಿಸುವಾಗ ಅದನ್ನು ಏರುಪೇರು ಮಾಡುವುದು ಇದರ ಅವಗುಣ. ಗೋಡೆಯ ಗಡಿಯಾರವನ್ನು ತೀರ ಓರೆಯಿಂದ ನೋಡಿದರೆ ಅದರ ಮುಖ ಮೊಟ್ಟೆಯಾಕಾರವಾಗಿ ಕಂಡು, ಮುಳ್ಳು ಕೆಲವೆಡೆ ಬೇಗ, ಕೆಲವೆಡೆ ನಿಧಾನವಾಗಿ ನಡೆದಂತೆ ತೋರುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ. ನೆಲಕ್ಕೆ ಮಲಗಿಸಿದ ನೆರಳು ಗಡಿಯಾರದಲ್ಲಿ ಗಂಟೆಯ ಗೆರೆಗಳು ಸಮಾನ ದೂರದಲ್ಲಿಲ್ಲದಿರುವುದೂ ಇದೇ ಗಣಿತದಿಂದ. ಕೀಲು ಐದು ಡಿಗ್ರಿ ಬಾಗಿದರೆ ಈ ಏರುಪೇರು ನೂರಕ್ಕೆ ಅರ್ಧದಷ್ಟೂ ಇಲ್ಲ. ಹತ್ತಕ್ಕೆ ನೂರಕ್ಕೆ ಒಂದೂವರೆ, ಹದಿನೈದಕ್ಕೆ ಮೂರೂವರೆ, ಇಪ್ಪತ್ತಕ್ಕೆ ಆರು. ಕೋನ ಎರಡರಷ್ಟಾದರೆ ಕುಲುಕಾಟ ನಾಲ್ಕರಷ್ಟು, ವೇಗ ಎರಡರಷ್ಟಾದರೂ ನಾಲ್ಕರಷ್ಟು. ಮೂವತ್ತರ ವೇಗದಲ್ಲಿ ಮೌನವಾಗಿದ್ದದ್ದು ಅರವತ್ತಕ್ಕೆ ಹಲ್ಲು ಕಡಿಸಿದ್ದು ಇದರಿಂದಲೇ.

ಈ ಅವಗುಣಕ್ಕೆ ಮದ್ದು ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಎರಡನೆಯ ಕ್ರಾಸೇ. ಮೊದಲನೆಯದು ಬೇಗ ಮಾಡಿದ್ದನ್ನು ಎರಡನೆಯದು ಅದೇ ಕ್ಷಣದಲ್ಲಿ ನಿಧಾನ ಮಾಡುತ್ತದೆ, ಲೆಕ್ಕ ಚುಕ್ತಾ ಆಗುತ್ತದೆ. ಆದರೆ ಎರಡೂ ಒಂದೇ ಕೋನದಲ್ಲಿ ಬಾಗಿದ್ದರೆ ಮಾತ್ರ.

ಸಮನಾದ ನೆಲದ ಮೇಲೆ, ನಾಲ್ಕು ಚಕ್ರವೂ ನೆಲಕ್ಕೂರಿ ನಿಂತ ಜೀಪಿನ ಕೆಳಗೆ ಮೇಸ್ತ್ರಿ ಮಲಗಿ ಅಂಕಿಗಳನ್ನು ಕೂಗಿದರು. ಹುಡುಗಿ ತನ್ನ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಬರೆದುಕೊಂಡಳು. ಗೇರ್ ಪೆಟ್ಟಿಗೆಯ ಕಡೆಯ ತುದಿ ಹಿಂದಕ್ಕೆ ನಾಲ್ಕು ಡಿಗ್ರಿ ಇಳಿಜಾರು. ಶಾಫ್ಟು ಹತ್ತೊಂಬತ್ತು. ಅಚ್ಚಿನ ಮೂತಿ ಹನ್ನೊಂದು.

"ಕಳೆಯಮ್ಮ."

"ಮುಂದಿನದು ಹದಿನೈದು, ಹಿಂದಿನದು ಎಂಟು ತಾತ."

ತಪ್ಪು ಸಿಕ್ಕಿತು. ಉದ್ದನೆಯ ಶ್ಯಾಕಲ್ ಸ್ಪ್ರಿಂಗಿನ ಹಿಂದಿನ ತುದಿಯೊಂದನ್ನೇ ಕೆಳಕ್ಕೆ ತಳ್ಳಿತ್ತು. ನಲವತ್ತೆರಡು ಅಂಗುಲದ ಸ್ಪ್ರಿಂಗಿನ ಒಂದು ತುದಿ ಐದು ಅಂಗುಲ ಇಳಿದರೆ ಇಡೀ ಸ್ಪ್ರಿಂಗು ಏಳು ಡಿಗ್ರಿ ವಾಲುತ್ತದೆ. ಅದರ ಮೇಲೆ ಬಿಗಿದ ಅಚ್ಚಿನ ಮೂತಿಯೂ ಅಷ್ಟೇ ಮೇಲೆ ನೋಡುತ್ತದೆ. ವಾಹನ ಎದ್ದದ್ದರಿಂದ ಗಿಡ್ಡನೆಯ ಶಾಫ್ಟಿನ ಇಳಿಜಾರು ಕೂಡ ಏಳರಷ್ಟು ಹೆಚ್ಚಿತ್ತು. ಮೊದಲು ಎಂಟು ಎಂಟಾಗಿದ್ದ ಜೋಡಿಯಲ್ಲಿ ಹಿಂದಿನ ಕ್ರಾಸ್ ಎಂಟರಲ್ಲಿಯೇ ಉಳಿದು, ಮುಂದಿನದು ಮಾತ್ರ ಹದಿನೈದಕ್ಕೆ ಹೋಗಿತ್ತು. ಮುಂದಿನದು ಮಾಡಿದ ಸಾಲವನ್ನು ಹಿಂದಿನದು ತೀರಿಸಲಾರದೆ, ಉಳಿಕೆ ಬಾಕಿ ಒಂದೇ ಕೀಲು ಹನ್ನೆರಡೂವರೆ ಡಿಗ್ರಿ ಬಾಗಿದ್ದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟಿತ್ತು. ಆ ಬಾಕಿಯೇ ತಗಡಿನಲ್ಲಿ ಝೇಂಕರಿಸುತ್ತಿದ್ದದ್ದು. ಮೂರು ಕ್ರಾಸುಗಳು ಸವೆದದ್ದು ನಡುಕದ ಕಾರಣವಲ್ಲ, ಅದರ ಫಲ. ಟೈರನ್ನೂ ಶ್ಯಾಕಲನ್ನೂ ಒಂದೇ ದಿನ ಬದಲಾಯಿಸದೆ ಒಂದು ವಾರದ ಅಂತರ ಕೊಟ್ಟಿದ್ದರೆ ಇಷ್ಟು ದೂರ ಬರಬೇಕಾಗಿಯೇ ಇರಲಿಲ್ಲ.

ಮಗನಿಗೆ ಎತ್ತರವನ್ನು ಬಿಡಲು ಮನಸ್ಸಿಲ್ಲ. ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಬೆಣೆ ಕೊಟ್ಟು ಮೂತಿಯನ್ನು ಕೆಳಕ್ಕೆ ತಿರುಗಿಸಬಹುದಲ್ಲ ಎಂದು ಎಲ್ಲಿಯೋ ಓದಿದ್ದನ್ನು ಹೇಳಿದ. ಮೇಸ್ತ್ರಿ ಒಪ್ಪಿದರು: ಹಾಗೆ ಮಾಡಿದರೆ ಎರಡೂ ಹದಿನೈದಾಗಿ ಲೆಕ್ಕ ಸರಿಹೋಗುತ್ತದೆ, ಅಚ್ಚಿಗೆ ನಡುಕ ಮುಟ್ಟುವುದಿಲ್ಲ. ಆದರೆ ನಡುವಿನ ಶಾಫ್ಟು ತಾನು ಹದಿನೈದರ ಕುಲುಕಾಟವನ್ನು ಅನುಭವಿಸುತ್ತಲೇ ಇರುತ್ತದೆ. ಏಳು ಡಿಗ್ರಿಯ ಬೆಣೆಯೂ ಸಣ್ಣದಲ್ಲ. ಕ್ರಾಸುಗಳ ಆಯುಸ್ಸು ಕಡಮೆಯೇ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಗುದ್ದಲಿಯಂತೆ ನಾಟಬಹುದು. "ತಂದೆಯವರನ್ನ ಕೂರಿಸಿಕೊಂಡು ಹೋಗೋ ಗಾಡಿಗೆ ನಾನು ಬೆಣೆ ಕೊಡಲ್ಲ" ಎಂದು ಮುಗಿಸಿದರು. ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಷೆಡ್ಡುಗಳಲ್ಲಿ ಈ ಕಲಮನ್ನು ಯಾರೂ ಓದುವುದಿಲ್ಲವೆಂಬುದು ಬೇರೆ ಮಾತು.

ಯಜಮಾನರು ಇಷ್ಟು ಹೊತ್ತೂ ಬಾಯಿ ತೆರೆದಿರಲಿಲ್ಲ. "ಹಳೇ ಶ್ಯಾಕಲ್ಲು ಎಲ್ಲಿಟ್ಟಿದ್ದೀಯಪ್ಪ?" ಎಂದು ಮಗನನ್ನು ಕೇಳಿದರು. ಗುಜರಿಗೆ ಹಾಕಿದ್ದಾನೆಂದು ಅವರು ಭಾವಿಸಿದ್ದಿರಬೇಕು. ಮಗ ಜೀಪಿನ ಹಿಂದಿನ ಸೀಟಿನ ಕೆಳಗೆ ಕೈಹಾಕಿ, ಗೋಣಿಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದ ನಾಲ್ಕು ಪಟ್ಟಿಗಳನ್ನು ಹೊರಗೆ ತೆಗೆದ. ತಂದೆ ಅವನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ ಮೇಸ್ತ್ರಿಗೆ ಕೊಟ್ಟರು.

ಸಂಜೆಯ ವೇಳೆಗೆ ಕೆಲಸ ಮುಗಿಯಿತು. ಶಾಫ್ಟು ಅದೇ, ಹೊಸ ಕ್ರಾಸ್ ಮಾತ್ರ ನಾಲ್ಕನೆಯದು. ದಾರ ನಟ್ಟುಗಳಿಂದ ಮತ್ತೊಮ್ಮೆ ಅಳೆದಾಗ ಎಂಟೂ ಎಂಟೂ ಬಂದವು. ಕೋನಮಾಪಕ ಮಸಿ ಒರೆಸಿಕೊಂಡು ಕಂಪಾಸ್ ಪೆಟ್ಟಿಗೆಗೆ ಹಿಂದಿರುಗಿತು. ದಪ್ಪ ಟೈರುಗಳು ಇದ್ದಲ್ಲಿಯೇ ಉಳಿದುವು. ಅವು ಪಾಪ, ಏನೂ ಮಾಡಿರಲಿಲ್ಲ.

ಹೊರಡುವಾಗ ಯಜಮಾನರು ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿ, ಕೈಚೀಲವನ್ನು ಹಿಂದಿನ ಸೀಟಿಗೆ ಎಸೆದು ಮುಂದೆ ಹತ್ತಿ ಕುಳಿತರು. ಕಿಬ್ಬನಹಳ್ಳಿ ಕ್ರಾಸಿನವರೆಗೂ ಯಾರೂ ಮಾತಾಡಲಿಲ್ಲ. ಅಲ್ಲಿಂದ ತುರುವೇಕೆರೆಯ ಕಡೆಗೆ ತಿರುಗಿ, ಎರಡು ಮಗ್ಗುಲಿಗೂ ತೆಂಗಿನ ತೋಟಗಳು ಸಾಲಾಗಿ ಬಂದ ಮೇಲೆ ಅವರು ಕೇಳಿದರು:

"ಎಷ್ಟರಲ್ಲಿದೀಯ?"

"ಅರವತ್ತೆರಡು ಅಪ್ಪ."

ಯಜಮಾನರು ಪಕ್ಕದ ಕನ್ನಡಿಯನ್ನು ನೋಡಿದರು.

"ಹಿಂದೆ ಕಾಯಿ ಲಾರಿ ಬರ್ತಿದೆ" ಎಂದರು, "ಪಕ್ಕಕ್ಕೆ ತಗೊಂಡು ದಾರಿ ಬಿಡು."